ಸೆರಗು ಹಿಡಿದ ಎಡಗೈ

ಚಿನಕುರಳಿ
19 ನವೆಂಬರ್ 1995

ಪ್ರೀತಿಯ ರುಕ್ಕು,

ನಿನ್ನ ಕಾಗದ ಬಂದಾಗ ದಸರಾ ರಜೆ. ಈಗ ದೀಪಾವಳಿಯ ಪಟಾಕಿ ಕಾಗದವನ್ನೆಲ್ಲ ಗುಡಿಸಿ ಹಾಕಿಯಾಯಿತು, ಆಮೇಲೆ ಉತ್ತರಕ್ಕೆ ಕೂತಿದ್ದೇನೆ. ಬೈಯಬೇಕೆನ್ನಿಸಿದರೆ ಬೈದುಕೋ, ಕೆ.ಆರ್. ಪೇಟೆಯಿಂದ ಇಲ್ಲಿಗೆ ಕೇಳಿಸುವುದಿಲ್ಲ. ನಿಮ್ಮ ಅತ್ತೆಯವರ ಸೊಂಟನೋವು ಹೇಗಿದೆ? ಶ್ರೀರಾಮ್ ಈ ಸಲ ಎಸ್ಸೆಸ್ಸೆಲ್ಸಿ ಅಲ್ಲವೇ, ಪುಸ್ತಕ ಹಿಡಿಯುತ್ತಾನೋ ಬರೀ ಬ್ಯಾಟು ಹಿಡಿಯುತ್ತಾನೋ?

ಹೋದ ತಿಂಗಳು ಗಂಜಾಂಗೆ ಹೋಗಿದ್ದೆ. ನಿಮಿಷಾಂಬನ ಗುಡಿಯಿಂದ ಹೊರಗೆ ಬರುವಾಗ ನಿಮ್ಮ ತಂದೆಯವರು ಎದುರಾದರು. "ನಮ್ಮ ರುಕ್ಮಿಣಿ ಜೊತೆ ಟ್ರೈನಿಂಗಿನಲ್ಲಿದ್ದ ಮಾಯಮ್ಮ ಅಲ್ಲವೇನಮ್ಮಾ" ಎಂದು ದೂರದಿಂದಲೇ ಗುರುತು ಹಿಡಿದರು. ನನ್ನ ಗುರುತು ಹಿಡಿಯುವುದೇನು ದೊಡ್ಡ ವಿಷಯ ಹೇಳು. ಇಡೀ ಪಾಂಡವಪುರ ತಾಲ್ಲೂಕಿನಲ್ಲಿ ಸೆರಗಿನ ತುದಿ ಬಾಯಿಗಿಟ್ಟುಕೊಂಡು ಓಡಾಡುವ ಮೇಡಂ ನಾನೊಬ್ಬಳೇ. ಬಲಗೈ ಬೋರ್ಡಿನ ಮೇಲೆ, ಎಡಗೈ ಬಾಯಿಯ ಮೇಲೆ. ಮಕ್ಕಳು ನನ್ನನ್ನು ಅಣಕಿಸುವುದೂ ಹಾಗೇ. ಕಂಡಿದ್ದೇನೆ, ಚೆನ್ನಾಗಿಯೇ ಅಣಕಿಸುತ್ತಾರೆ.

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕಾರಣ ಇದೆ. ದೀಪಾವಳಿ ಅಮಾವಾಸ್ಯೆಯ ಬೆಳಿಗ್ಗೆ ಗ್ರಹಣ ಹಿಡಿಯಿತಲ್ಲ, ಅದಕ್ಕೆ ಮೂರು ದಿನ ಮುಂಚಿನ ಮಾತು. ಪಕ್ಕದ ಮನೆ ದೊಡ್ಡತಾಯಮ್ಮನ ಸೊಸೆ ಬಿಮ್ಮನಸೆ. ಆ ಹುಡುಗಿಗೆ ಹುಳಿ ಅಂದರೆ ಪ್ರಾಣ ಅಂತ ನಾನು ನೆಲ್ಲಿಕಾಯಿ ಉಪ್ಪಿನಕಾಯಿ ತಗೊಂಡು ಹೋದೆ. ದೊಡ್ಡತಾಯಮ್ಮ ಬಾಗಿಲಲ್ಲೇ ತಡೆದಳು. ಜಗಳಗಂಟಿಯಲ್ಲ ಅವಳು, ಅವಳ ಕಣ್ಣಲ್ಲೇ ನೀರಿತ್ತು. "ಮೇಡಮ್ಮಾರೆ, ತಪ್ಪು ತಿಳ್ಕಬ್ಯಾಡಿ. ಗ್ರಾಣ ಬತ್ತಾ ಅದೆ. ಈ ಟೇಮ್ನಲ್ಲಿ ನಮ್ಮುಡ್ಗಿ ನಿಮ್ಮ ಮಕ ನೋಡೋದು ಬ್ಯಾಡ. ಎರಿಗೆ ಆಗಗಂಟ ಈ ಕಡೆ ಬರಬ್ಯಾಡಿ ಕಣ್ರವ್ವ" ಅಂದಳು. ಉಪ್ಪಿನಕಾಯಿ ಜಾಡಿ ಮಾತ್ರ ಇಸಕೊಂಡಳು.

ನನಗೆ ಸಿಟ್ಟು ಬರಲಿಲ್ಲ ರುಕ್ಕು. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಮೂವತ್ತೇಳು ವರ್ಷಕ್ಕೆ ಸಿಟ್ಟು ಬರುವ ಜಾಗವೇ ಸವೆದುಹೋಗಿದೆಯಲ್ಲ ಅನ್ನಿಸಿತು. ಮನೆಗೆ ಬಂದರೆ ನಮ್ಮವ್ವ ಅವಳ ಹಳೇ ಮಾತು ತೆಗೆದಳು: ನಾನು ಹೊಟ್ಟೆಯಲ್ಲಿದ್ದಾಗ ಗ್ರಹಣದ ಹೊತ್ತಿನಲ್ಲಿ ಅವಳು ಈಳಿಗೆಮಣೆ ಮುಂದೆ ಕೂತು ಸೌತೆಕಾಯಿ ಹೆಚ್ಚಿದಳಂತೆ, ಅದಕ್ಕೇ ನನ್ನ ತುಟಿ ಸೀಳಿಕೊಂಡು ಹುಟ್ಟಿತಂತೆ. ಸೌತೆಕಾಯಿ ಕಂಡರೆ ಈಗಲೂ ಅಳುತ್ತಾಳೆ. ನಾನು ಮೂರನೇ ಕ್ಲಾಸಿನವರಿಗೆ ಗ್ರಹಣದ ಪಾಠವನ್ನು ನಿಂಬೆಹಣ್ಣು, ಬಲ್ಬು ಇಟ್ಟು ಮಾಡುವವಳು. ನಮ್ಮ ಮನೆಯಲ್ಲಿ ಮಾತ್ರ ನನ್ನ ಪಾಠ ನಡೆಯುವುದಿಲ್ಲ.

ಆರು ವರ್ಷದವಳಿದ್ದಾಗ ಅಪ್ಪ ಮೈಸೂರಿನಲ್ಲಿ ತುಟಿ ಹೊಲಿಸಿದ್ದು ನಿನಗೆ ಗೊತ್ತೇ ಇದೆ. ಆ ಹೊಲಿಗೆ ಗಂಟುಗಂಟಾಗಿ ಮೂಗಿನತ್ತ ಎಳೆದುಕೊಂಡು ಹಾಗೇ ನಿಂತುಹೋಯಿತು. ಆ ಗಂಟು ನೋಡಿಯೇ ಅಲ್ಲವೇ ಬಂದ ಗಂಡುಗಳೆಲ್ಲ ತಿರುಗಿ ಹೋದದ್ದು. ನಾಗಮಂಗಲದ ಪುಟ್ಟರಾಜು ಮೊದಲು ನೋಡಲು ಬಂದದ್ದು ನನ್ನನ್ನೇ. ಹಾಸ್ಟೆಲ್ಲಿನಲ್ಲಿ ನಿನ್ನ ಪಕ್ಕದ ಮಂಚದಲ್ಲಿ ಕೂತು ಅವರ ಬಗ್ಗೆ ಎಷ್ಟು ಕೊರೆದಿದ್ದೆ ನಾನು, ನಿನಗೆ ನೆನಪಿರಬೇಕು. ಕೊಡುವಾಗ ತಟ್ಟೆ ವಾಲಿತೆಂದು ಅವರೇ ಅದನ್ನು ಹಿಡಿದುಕೊಂಡರು ಅಂತ. ವಾರ ಕಳೆದ ಮೇಲೆ ಅಪ್ಪ ಹೇಳಿದರು: "ತುಟಿ ಒಪ್ಪಿಲ್ವಂತೆ ಕಣವ್ವ. ಚಿಕ್ಕೋಳ್ನ ಕೊಟ್ರೆ ಆಗ್ಬೋದು ಅಂತವ್ರೆ." ನನ್ನ ತಂಗಿ ಚಿಕ್ಕತಾಯಿಯನ್ನು ಕೊಟ್ಟರು. ಅವಳ ಮದುವೆಯಲ್ಲಿ ಆರತಿ ಎತ್ತಿದವಳು ನಾನು. ಆವತ್ತಿನಿಂದ ಅವರು ಮನೆಗೆ ಬಂದಾಗೆಲ್ಲ ಸೆರಗು ಇನ್ನೊಂದು ಸುತ್ತು ಬಿಗಿ. ಒಪ್ಪದ ಮುಖವನ್ನು ಮತ್ತೆ ಮತ್ತೆ ತೋರಿಸುವುದೇಕೆ.

ಸರಿ, ವಿಷಯಕ್ಕೆ ಬರುತ್ತೇನೆ. ಮೈಸೂರಿನಲ್ಲಿ ಒಬ್ಬರು ಪ್ಲಾಸ್ಟಿಕ್ ಸರ್ಜನ್ ಇಂಥ ಹಳೇ ಹೊಲಿಗೆಗಳನ್ನು ಬಿಚ್ಚಿ ಹೊಸದಾಗಿ ಹೊಲಿಯುತ್ತಾರಂತೆ. ಹೋಗಿ ತೋರಿಸುತ್ತೇನೆ. ಅವ್ವನಿಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ. ನಿನ್ನೊಬ್ಬಳಿಗೇ.

ನಿನ್ನ ಮನೆಯ ಬೆಳಕು ಹಾಗೇ ಇರಲಿ. ನಗಬೇಡ, ನಕ್ಕರೂ ಪರವಾಗಿಲ್ಲ, ಆದರೆ ಬರೆ.

ನಿನ್ನ
ಮಾಯಿ


ಚಿನಕುರಳಿ
21 ಜನವರಿ 1996

ಪ್ರೀತಿಯ ರುಕ್ಕು,

ಸಂಕ್ರಾಂತಿಯ ಎಳ್ಳಿನ ಜೊತೆಗೇ ಬರೆಯಬೇಕಿತ್ತು, ಆಗಲಿಲ್ಲ. ಕೈಗೆ ಪೆನ್ನು ತೆಗೆದುಕೊಂಡರೆ ಏನು ಮೊದಲು ಬರೆಯಬೇಕೋ ತಿಳಿಯುತ್ತಿರಲಿಲ್ಲ. "ಈ ವಯಸ್ಸಿಗೆ ಯಾಕೆ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಕಳಿಸು" ಎಂದು ಬರೆದಿದ್ದೀಯಲ್ಲ, ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ.

ಸರ್ಜನ್ ಒಳ್ಳೆಯ ಮನುಷ್ಯ. ನನ್ನ ತುಟಿಯನ್ನು ಹಿಡಿದು ಆ ಕಡೆ ಈ ಕಡೆ ತಿರುಗಿಸಿ, ದರ್ಜಿ ಹಳೇ ರವಿಕೆ ನೋಡುವ ಹಾಗೆ ನೋಡಿದರು. "ಮಾಡಬಹುದು. ಆದರೆ ಇದು ಮಾಡಿಸಲೇಬೇಕಾದ ಆಪರೇಷನ್ ಅಲ್ಲ. ಮಾಡಿಸದಿದ್ದರೆ ನಿಮಗೇನೂ ಆಗುವುದಿಲ್ಲ. ನಿಮ್ಮ ಇಷ್ಟ" ಅಂದರು. ನಿಮ್ಮ ಇಷ್ಟ! ಈ ಮಾತನ್ನು ನನಗೆ ಇದುವರೆಗೆ ಯಾರೂ ಅಂದದ್ದು ನೆನಪಿಲ್ಲ. ಸೀರೆ ಅಂಗಡಿಯವನೂ ಅಂದಿಲ್ಲ.

ಅದಕ್ಕೆ ಮುಂಚೆ ಎದೆ ಪರೀಕ್ಷೆ ಆಗಬೇಕು ಅಂತ ಬೇರೆ ಡಾಕ್ಟರ ಹತ್ತಿರ ಕಳಿಸಿದರು. ಅವರು ಹೆಂಗಸು, ನಮ್ಮ ವಯಸ್ಸಿನವರೇ. ಸ್ಟೆತಾಸ್ಕೋಪ್ ಇಟ್ಟು ಕೇಳಿದರು, ಎಡಗಡೆ ಮಲಗಿಸಿ ಕೇಳಿದರು, ನಿಲ್ಲಿಸಿ ಕೇಳಿದರು. ನನಗೆ ಜೀವ ಹಾರಿತು. ಆಮೇಲೆ ಎಕೋ ಅಂತ ಒಂದು ಪರೀಕ್ಷೆ. ಟೀವಿಯಂಥದರಲ್ಲಿ ನನ್ನ ಹೃದಯ ಬಡಿದುಕೊಳ್ಳುವುದನ್ನು ನನಗೇ ತೋರಿಸಿದರು. ಅದರೊಳಗೆ ಒಂದು ಪುಟ್ಟ ಕದ, ಮಿಟ್ರಲ್ ಕವಾಟ ಅಂತ ಹೆಸರು. ಅದರ ರೆಕ್ಕೆ ಮುಚ್ಚುವಾಗ ಸ್ವಲ್ಪ ಹಿಂದಕ್ಕೆ ಉಬ್ಬುತ್ತದಂತೆ, ಒಂದಿಷ್ಟು ರಕ್ತ ಹಿಂದಕ್ಕೆ ಸೋರುತ್ತದಂತೆ.

"ಆಗಾಗ ಎದೆ ಎರಡು ಸಲ ಒಟ್ಟಿಗೇ ಹೊಡೆದ ಹಾಗಾಗುತ್ತಾ?" ಅಂತ ಕೇಳಿದರು. ಆಗುತ್ತೆ ಅಂದೆ. ಇನ್ಸ್‌ಪೆಕ್ಟರು ಶಾಲೆಗೆ ಬಂದಾಗ, ಕ್ವಾರಿಯಲ್ಲಿ ಮದ್ದು ಸಿಡಿದಾಗ, ಗಂಡಿನ ಕಡೆಯವರು ಬಂದು ಜಗಲಿಯಲ್ಲಿ ಕೂತಾಗ. ನಾನು ಅದನ್ನು ನಾಚಿಕೆ ಅಂದುಕೊಂಡಿದ್ದೆ ರುಕ್ಕು. ಇಷ್ಟು ವರ್ಷ ನನ್ನ ಎದೆ ನಾಚುತ್ತಿದೆ ಅಂತ ತಿಳಿದಿದ್ದೆ, ಅದು ಪಾಪ ತನ್ನ ಕದ ಮುಚ್ಚುತ್ತಿತ್ತು.

ಹಾಗಾದರೆ ಆಪರೇಷನ್ ಬೇಡವೇ ಅಂದೆ. ಆ ಡಾಕ್ಟರು ನಕ್ಕರು. "ಇದು ಬಹಳ ಜನಕ್ಕೆ ಇರುತ್ತೆ. ಹೊರಗೆ ಬೆಂಚಿನ ಮೇಲೆ ಕೂತಿರೋರಲ್ಲೇ ಯಾರಿಗಾದರೂ ಇದ್ದೀತು, ಅವರಿಗೇ ಗೊತ್ತಿರಲ್ಲ. ಕಳೆ ಕೀಳ್ತಾರೆ, ನೀರು ಹೊರ್ತಾರೆ, ಮಕ್ಕಳು ಹೆರ್ತಾರೆ. ಆಪರೇಷನ್ ಮಾಡಿಸ್ಕೊಳ್ಳಿ. ಮುಂಚೆ ಆಂಟಿಬಯೋಟಿಕ್ ತಗೋಬೇಕು, ಗಾಯದ ಕ್ರಿಮಿ ರಕ್ತಕ್ಕೆ ಸೇರಿ ಆ ಕವಾಟಕ್ಕೆ ಅಂಟಿಕೊಳ್ಳಬಾರದು, ಅಷ್ಟೇ. ಹಲ್ಲು ಕೀಳಿಸೋವಾಗಲೂ ಇದನ್ನ ಹೇಳಿ" ಅಂದರು. ಆಮೇಲೆ ಬರೆಯುತ್ತಾ ಬರೆಯುತ್ತಾ ಕೇಳಿದರು: "ಚಿಕ್ಕವರಿದ್ದಾಗ ತುಟಿ ಆಪರೇಷನ್ ಆಗಿದೆಯಲ್ಲ, ಆಗ ಯಾರೂ ಹೇಳಲಿಲ್ವಾ?"

ಇಲ್ಲ ಅಂದೆ. ಬಸ್ಸಿನಲ್ಲಿ ಕೂತು ಶ್ರೀರಂಗಪಟ್ಟಣದ ಸೇತುವೆ ದಾಟುವಾಗಲೂ ಆ ಮಾತು ನನ್ನ ತಲೆಯಲ್ಲಿತ್ತು. ಪಾಂಡವಪುರದಲ್ಲಿ ಬಸ್ಸು ಬದಲಾಯಿಸುವಾಗ ಮರೆತೂ ಹೋಯಿತು.

ಮನೆಯಲ್ಲಿ ಅವ್ವ ನೆನೆಹಾಕಿದ ಅವರೆಕಾಳು ಹಿತುಕುತ್ತಾ ಕೂತಿದ್ದಳು. ನಾನೂ ಎದುರು ಕೂತು ಕೈಹಾಕಿದೆ, ಎಲ್ಲ ಹೇಳಿದೆ. ಕವಾಟದ ಸಂಗತಿಯನ್ನು ಅವಳಿಗೆ ತಿಳಿಯುವ ಹಾಗೆ ಹೇಳಿದೆ. ಅವಳು ತಲೆ ಎತ್ತಲಿಲ್ಲ. ಕಾಳು ಹಿತುಕುತ್ತಲೇ ಅಂದಳು: "ಆ ಡಾಕ್ಟ್ರೂ ಅಂಗೇ ಅಂದಿದ್ರು ಕಣವ್ವ. ಎದೆ ಕದ ಸರ್ಯಾಗಿ ಮುಚ್ಚಾಕಿಲ್ಲ ಅಂತ."

"ಯಾವ ಡಾಕ್ಟ್ರು?"

"ಮೊದ್ಲು ನಿಂಗೆ ತುಟಿ ಹೊಲ್ದೋರು. ದೊಡ್ಡೋಳಾಗಿ ಬಸುರಿ ಬಾಣಂತಿ ಆದಾಗ ಉಸಾರಾಗಿ ನೋಡ್ಕಳಿ ಅಂದ್ರು."

ಆಮೇಲಿನದನ್ನು ಅವಳು ಹೇಳಿದ ಹಾಗೇ ಬರೆಯುತ್ತೇನೆ. ಅಪ್ಪನ ತಂಗಿ ಸಿದ್ದಲಿಂಗಮ್ಮ ಅಂತ ನನಗೊಬ್ಬಳು ಅತ್ತೆ ಇದ್ದಳು. ಚೊಚ್ಚಲ ಹೆರಿಗೆ ಕಷ್ಟವಾಗಿ ಅಪ್ಪನೇ ಗಾಡಿ ಕಟ್ಟಿಕೊಂಡು ಪಾಂಡವಪುರದ ಆಸ್ಪತ್ರೆಗೆ ಹೊರಟರು, ಅವಳು ದಾರಿಯಲ್ಲೇ ಹೋದಳು. "ಅವ್ಳ ತಲೆ ನಿಮ್ಮಪ್ಪನ ತೊಡೆ ಮ್ಯಾಲಿತ್ತಂತೆ. ಡಾಕ್ಟ್ರು ಬಾಣಂತನ ಅಂದ ತಕ್ಸಣ ನಿಮ್ಮಪ್ಪಂಗೆ ಬ್ಯಾರೆ ಏನೂ ಕೇಳ್ನೇ ಇಲ್ಲ. ನನ್ನ ಮಗ್ಳಿಗೆ ಮದ್ವೆ ಬ್ಯಾಡ, ಬದ್ಕಿದ್ರೆ ಸಾಕು ಅಂದ್ಬುಟ್ರು. ಮಾವ ತಮ್ಮಯ್ಯ ಸುಮ್ನಿರದೆ ಗಂಡು ಕರ್ಕಬತ್ತಿದ್ದ. ನಿಮ್ಮಪ್ಪ ಒಬ್ಬೊಬ್ರಿಗೆ ಒಂದೊಂದು ಯೋಳಿ ಕಳಿಸ್ಬುಡೋರು."

"ಹಾಗಾದರೆ ಅವರು ಯಾರೂ ನನ್ನ ತುಟಿ ನೋಡಿ ಬೇಡ ಅನ್ನಲಿಲ್ಲವಾ?"

"ಒಬ್ರೋ ಇಬ್ರೋ ಅಂದವ್ರೆ ಬುಡು. ಎಲ್ರೂ ಅನ್ನಿಲ್ಲ."

"ಮತ್ತೆ ನನಗೆ ಯಾಕವ್ವಾ ತುಟಿ, ತುಟಿ ಅಂತ ಹೇಳ್ತಿದ್ರಿ?"

ಅವ್ವ ಆಗ ತಲೆ ಎತ್ತಿದಳು. "ಎದೆ ಅಂದಿದ್ರೆ ನೀನು ಎದ್ರಕತ್ತಿದ್ದೆ ಕಣವ್ವ. ತುಟಿ ಆದ್ರೆ ಕನ್ನಡೀಲಿ ಕಾಣ್ತದಲ್ಲ, ನಂಬ್ಕತೀಯ ಅಂತ."

ನಂಬಿಕೊಂಡೆ ರುಕ್ಕು. ದಿನಾ ಬೆಳಿಗ್ಗೆ ಕನ್ನಡಿ ನೋಡಿ ನೋಡಿ ನಂಬಿಕೊಂಡೆ. ಅಪ್ಪನ ಮೇಲೆ ಕೂಗಾಡೋಣವೆಂದರೆ ಅವರು ಹೋಗಿ ಎರಡು ವರ್ಷವಾಯಿತು. ಬದುಕಿದ್ದಾಗ ನಾನು ಶಾಲೆಯಿಂದ ಬರುವುದು ಸ್ವಲ್ಪ ತಡವಾದರೂ ಕೊಡೆ ಹಿಡಿದು ಬಸ್ ಸ್ಟಾಪಿಗೆ ಬಂದು ನಿಲ್ಲುತ್ತಿದ್ದರು. ಬೀದಿ ಹುಡುಗರು "ಚಲುವಯ್ಯ ಮಗ್ಳ ಕಾಯ್ತಾವ್ನೆ" ಅಂತ ನಗುತ್ತಿದ್ದರು. ನನ್ನ ಎದೆ ನಿಂತುಹೋದೀತು ಅಂತ ಕಾಯುತ್ತಿದ್ದರೇನೋ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಹೋದರೆ ಅವರ ಆ ಕೊಡೆ ಕಣ್ಣಿಗೆ ಬರುತ್ತದೆ. ಯಾರು ಯಾರು ಒಪ್ಪಿದ್ದರು ಅಂತ ಅವ್ವನನ್ನು ಕೇಳಲಿಲ್ಲ. ಕೇಳಿ ಏನು ಮಾಡಲಿ, ಅವರ ಮಕ್ಕಳಿಗೆ ಈಗ ಮೀಸೆ ಬಂದಿರುತ್ತದೆ.

ಹಾಗಿದ್ದ ಮೇಲೆ ಈಗ ಆಪರೇಷನ್ ಏತಕ್ಕೆ ಅಂತ ನೀನು ಕೇಳಬಹುದು. ಅವ್ವ ಕೇಳಿಯಾಗಿದೆ. "ಆಗ ಬ್ಯಾಡವಾಗಿತ್ತು, ಈಗ ಯಾರಿಗ್ ತೋರ್ಸಕ್ಕೆ? ಎದೆ ನೆಟ್ಟಗಿಲ್ದೋಳು ಕತ್ರಿ ಕೆಳಕ್ಕೆ ಮಲೀಕತಳಂತೆ" ಎಂದು ಊಟ ಬಿಟ್ಟು ಕೂತಿದ್ದಾಳೆ. ನನ್ನ ಉತ್ತರ ಒಂದೇ. ನನಗೆ ನನ್ನ ಎಡಗೈ ಬೇಕು. ಬಸ್ಸಿನಲ್ಲಿ ಕಂಬಿ ಹಿಡಿಯಲಿಕ್ಕೆ, ಮಗುವೊಂದು ಬಿದ್ದರೆ ಎರಡೂ ಕೈಯಲ್ಲಿ ಎತ್ತಿಕೊಳ್ಳಲಿಕ್ಕೆ. ಇಷ್ಟು ವರ್ಷ ಒಂದು ಕೈ ಬಾಯಿ ಕಾದು ಕಾದು ಸಾಕಾಗಿದೆ.

ಫೆಬ್ರವರಿ ಎರಡನೇ ವಾರಕ್ಕೆ ಬರಲು ಹೇಳಿದ್ದಾರೆ. ಹತ್ತಿರದವರು ಒಬ್ಬರು ಬಂದು ಸಹಿ ಹಾಕಬೇಕಂತೆ. ಅವ್ವ ಬರುವುದಿಲ್ಲ. ಚಿಕ್ಕತಾಯಿಗೆ ಹೇಳಿದರೆ ಪುಟ್ಟರಾಜುಗೆ ಗೊತ್ತಾಗುತ್ತದೆ, ಅವರು, ತಾನು ಒಪ್ಪಲಿಲ್ಲವೆಂದು ಇವಳು ಈಗ ತುಟಿ ಕೊಯ್ಯಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡರೆ ನಾನು ಸತ್ತೇ ಹೋಗುತ್ತೇನೆ. ನೀನು ಬರಲು ಆಗುತ್ತದೆಯೇ? ಒಂದು ದಿನ ಸಾಕು. ಆಗದಿದ್ದರೆ ಆಗದು ಅಂತ ಬರೆ, ನಿನ್ನ ಮನೆಯ ಪಾಡು ನನಗೆ ಗೊತ್ತು.

ನಿನ್ನ ಕೈಗೆ ಯಾವತ್ತೂ ಯಾರಾದರೊಬ್ಬರ ಕೈ ಸಿಗುತ್ತಿರಲಿ.

ನಿನ್ನ
ಮಾಯಿ


ಚಿನಕುರಳಿ
31 ಮಾರ್ಚ್ 1996

ಪ್ರೀತಿಯ ರುಕ್ಕು,

ಮೊದಲು ಈ ಕ್ಷಮೆ ಕೇಳುವುದನ್ನು ನಿಲ್ಲಿಸು. ಅತ್ತೆಯವರು ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿರುವಾಗ ನೀನು ಹೇಗೆ ಬರುತ್ತೀಯ? ಬಂದಿದ್ದರೆ ನಾನೇ ವಾಪಸು ಕಳಿಸುತ್ತಿದ್ದೆ. ಹಾಗಂತ ಬರೆಯುತ್ತಿದ್ದೇನೆ, ನಿಜ ಹೇಳಬೇಕೆಂದರೆ ಆ ಬೆಳಿಗ್ಗೆ ವಾರ್ಡಿನ ಬಾಗಿಲನ್ನು ಒಂದೇ ಸಮನೆ ನೋಡುತ್ತಿದ್ದೆ.

ಸಹಿಯದು ದೊಡ್ಡ ತಮಾಷೆಯಾಯಿತು. ನರ್ಸು ಬಂದು "ನಿಮ್ಮ ಕಡೆಯವರು ಯಾರು?" ಅಂದಳು. ಯಾರೂ ಇಲ್ಲ, ನಾನೇ ಹಾಕುತ್ತೇನೆ ಅಂದೆ. "ಯಾರೂ ಅಂದ್ರೆ ಯಾರೂ ಇಲ್ವಾ? ಎದೆ ಪೇಷೆಂಟು ಬೇರೆ" ಅಂತ ವಾರ್ಡಿಗೆಲ್ಲ ಕೇಳುವ ಹಾಗೆ ಕೇಳಿದಳು. ಪಕ್ಕದ ಹಾಸಿಗೆಯಲ್ಲಿ ಸ್ಟೌ ಸಿಡಿದು ಕೈ ಸುಟ್ಟುಕೊಂಡ ಹೆಂಗಸೊಬ್ಬಳಿದ್ದಳು. ಅವಳ ಗಂಡ ಚಿಕ್ಕಮಾದಯ್ಯ ಅಂತ, ನಿಮ್ಮ ಕೆ.ಆರ್. ಪೇಟೆ ಕಡೆಯವರೇ. ಅವರು ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಎದ್ದು ಬಂದರು. "ತತ್ತಾ ತಾಯಿ, ನಾನೇ ಒತ್ತುತೀನಿ. ನಮ್ಮ ಸೀಮೆ ಎಣ್ಮಗಳು" ಎಂದು ಹೆಬ್ಬೆಟ್ಟು ಒತ್ತಿಬಿಟ್ಟರು. ಸಂಬಂಧ ಏನು ಅಂತ ನರ್ಸು ಕೇಳಿದರೆ ನನ್ನ ಮುಖ ನೋಡಿ, "ಅಣ್ಣ ಅಂತ ಬರ್ಕಳವ್ವ, ಇನ್ನೇನು ಬರ್ಕತೀಯ" ಅಂದರು. ಆವತ್ತು ನಾನು ಅತ್ತದ್ದು ಅಷ್ಟು ಹೊತ್ತೇ.

ಒಂದು ಗಂಟೆ ಮುಂಚೆ ಮಾತ್ರೆ ನುಂಗಿಸಿದರು. ತುಟಿಯ ಸುತ್ತ ಮಾತ್ರ ಮರಗಟ್ಟಿಸಿದರು, ನನಗೆ ಎಚ್ಚರವಿತ್ತು. ಎದೆ ತನ್ನ ಪಾಡಿಗೆ ಧಡ್ ಧಡ್ ಅನ್ನುತ್ತಿತ್ತು. ಹೊಡಕೋ ಮಾರಾಯ್ತಿ, ಈಗ ನಿನ್ನ ಗುಟ್ಟು ನನಗೆ ಗೊತ್ತು ಅಂದುಕೊಂಡೆ. ಅದರ ಜೊತೆ ಮೊದಲ ಸಲ ಸ್ನೇಹವಾಯಿತು. ಸರ್ಜನ್ ಹೊಲಿಯುತ್ತಾ ಹೊಲಿಯುತ್ತಾ ನರ್ಸಿನ ಹತ್ತಿರ ಅವರ ಮಗಳ ಸ್ಕೂಲ್ ಡೇ ಸಂಗತಿ ಮಾತಾಡುತ್ತಿದ್ದರು. ನನ್ನ ಜನ್ಮದ ಗಂಟು ಅಷ್ಟು ಸಲೀಸಾಗಿ ಬಿಚ್ಚಿಹೋಯಿತು.

ವಾರದಲ್ಲಿ ಹೊಲಿಗೆ ಬಿಚ್ಚಿದರು. ಈಗ ಸಣ್ಣ ಕೆಂಪು ಗೆರೆ ಇದೆ, ಅದೂ ಮಾಸುತ್ತದಂತೆ. ಶಾಲೆಗೆ ಹೋದ ಮೊದಲ ದಿನ ಎಡಗೈ ಎಲ್ಲಿಡಬೇಕೋ ತಿಳಿಯದೆ ಒದ್ದಾಡಿದೆ, ಕಡೆಗೆ ಡಸ್ಟರ್ ಕೊಟ್ಟೆ ಅದಕ್ಕೆ. ಮಕ್ಕಳು ಸ್ವಲ್ಪ ಹೊತ್ತು ಬಾಯಿ ಬಿಟ್ಟುಕೊಂಡು ನೋಡಿ ಆಮೇಲೆ ಮರೆತರು. ಅವ್ವ ಮಾತ್ರ ದಿನಾ ನನ್ನ ತುಟಿ ಮುಟ್ಟಿ ನೋಡುತ್ತಾಳೆ. ಹೋದ ವಾರ ಸೌತೆಕಾಯಿ ತಂದು ತಾನೇ ಹೆಚ್ಚಿ ಕೋಸಂಬರಿ ಮಾಡಿದಳು.

ದೊಡ್ಡತಾಯಮ್ಮನಿಗೆ ಮೊಮ್ಮಗಳು ಹುಟ್ಟಿದ್ದಾಳೆ. ತುಟಿ ಕಣ್ಣು ಎಲ್ಲ ಚೆನ್ನಾಗಿದೆ. ತಾನೇ ಎತ್ತಿಕೊಂಡು ಬಂದು ನನ್ನ ತೊಡೆಯ ಮೇಲೆ ಹಾಕಿದಳು. ನಾನು ಎರಡೂ ಕೈಯಲ್ಲಿ ಎತ್ತಿಕೊಂಡೆ. ಮಗು ಒಂದಕ್ಕೆ ಹೋಯಿತು, ಹೊಸ ಸೀರೆ.

ಯುಗಾದಿಯ ಮಾರನೇ ದಿನ ಹೊಸತೊಡಕಿಗೆ ಚಿಕ್ಕತಾಯಿ, ಪುಟ್ಟರಾಜು, ಅವರ ಮಗಳು ಸಹನ ಬಂದಿದ್ದರು. ಸಹನ ನನ್ನ ತುಟಿ ಮುಟ್ಟಿ ನೋಡಿ, "ದೊಡ್ಡವ್ವ, ನಿಂಗೆ ನಗು ಬತ್ತದಾ ಈಗ?" ಅಂದಳು. ಬತ್ತದೆ ಅಂತ ನಕ್ಕು ತೋರಿಸಿದೆ. ಚಿಕ್ಕತಾಯಿ ಅಡುಗೆಮನೆಯಲ್ಲಿ ನನ್ನನ್ನು ತಬ್ಬಿಕೊಂಡು ಅತ್ತಳು, ಮೊದಲೇ ಯಾಕೆ ಹೇಳಲಿಲ್ಲ ಅಂತ ಬೈದಳು. ಅವಳು ಒಳ್ಳೆಯವಳು ರುಕ್ಕು, ಇದನ್ನು ಇಲ್ಲಿ ಬರೆದಿಡಬೇಕು ಅನ್ನಿಸಿತು.

ಶ್ರೀರಾಮ್ ಪರೀಕ್ಷೆ ಚೆನ್ನಾಗಿ ಬರೆಯಲಿ, ನನ್ನ ಕಡೆಯಿಂದ ಅವನ ತಲೆ ಸವರು. ಅತ್ತೆಯವರ ಮೂಳೆ ಬೇಗ ಕೂಡಲಿ. ನೀನು ರಾತ್ರಿ ಕಣ್ತುಂಬ ನಿದ್ದೆ ಮಾಡುವಂತಾಗಲಿ, ಬೇರೆ ದೊಡ್ಡ ಹಾರೈಕೆ ನನಗೆ ಬರುವುದಿಲ್ಲ.

ನಿನ್ನ
ಮಾಯಿ

ಮತ್ತೆ: ಕವರಿಗೆ ಗೋಂದು ಹಚ್ಚುವ ಮುಂಚೆ ಇನ್ನಷ್ಟು ಬರೆಯುತ್ತಿದ್ದೇನೆ. ಓದಿ ಹರಿದುಬಿಡು.

ಹೊಸತೊಡಕಿನ ಮಧ್ಯಾಹ್ನ ಪುಟ್ಟರಾಜು ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಚಿಕ್ಕತಾಯಿ ಒಳಗೆ ಸಾರು ಕುದಿಸುತ್ತಿದ್ದಳು. ನಾನು ನೀರಿನ ಚೊಂಬು ತಂದಿಟ್ಟೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಮುಖ ಎತ್ತಿ ಅವರ ಎದುರು ನಿಂತದ್ದು ಅವರು ನೋಡಲು ಬಂದ ಆ ದಿನ ಬಿಟ್ಟರೆ ಇದೇ ಮೊದಲು. ಅವರು ಒಂದು ಗಳಿಗೆ ನೋಡಿ, "ಚೆನ್ನಾಗದೆ ಅತ್ಗೆ. ಆಗ್ಲೂ ಚೆನ್ನಾಗೇ ಇತ್ತು ಬುಡಿ" ಅಂದರು. ಆಮೇಲೆ ನಗುತ್ತಾ, "ಇನ್ಮೇಲಾದ್ರೂ ನಾನು ಬಂದಾಗ ಮಕ ಮುಚ್ಕಬ್ಯಾಡಿ. ಆವತ್ತು ನೀವು ನನ್ನ ಬ್ಯಾಡ ಅಂದ್ರಿ ಅಂತ ನಂಗೇನು ಸಿಟ್ಟಿಲ್ಲ" ಅಂದರು.

ನಾನು ಬೇಡ ಅಂದೆನಾ ಅಂತ ಕೇಳಿದೆ. "ನಿಮ್ಮಪ್ಪ ಯೋಳುದ್ರಲ್ಲ. ಮೇಷ್ಟ್ರು ಓದಿರೋ ಹುಡ್ಗಿ, ಸೊಸೈಟಿ ಗುಮಾಸ್ತನ್ನ ಒಪ್ಪಾಕಿಲ್ಲ ಅಂತವಳೆ ಅಂತ. ನಾನು ತಮ್ಮಯ್ಯನ ಕೈಲಿ ಎರಡ್ನೇ ಸರ್ತಿ ಕೇಳ್ಸಿದ್ದೆ. ಆಗ್ಲೂ ಅಂಗೇ ಅಂದ್ರು. ಅದ್ಕೇ ಆಮ್ಯಾಕೆ ಇವ್ಳನ್ನ..." ಅಷ್ಟು ಹೇಳಿ ಒಳಗೆ ನೋಡಿದರು. "ಯಾಕತ್ಗೆ, ನಿಮ್ಗೆ ನೆಪ್ಪಿಲ್ವ?"

ಒಳಗಿನಿಂದ ಚಿಕ್ಕತಾಯಿ, "ಒಸಿ ಬನ್ನಿ ಇಲ್ಲಿ, ಉಪ್ಪು ನೋಡಿ" ಎಂದು ಕೂಗಿದಳು. ನೆನಪಿದೆ ಬಿಡಿ, ಅಂದೆ ನಾನು. ನನ್ನ ಎಡಗೈ ತಾನಾಗಿ ಸೆರಗು ಎಳೆದುಕೊಂಡು ಬಾಯಿಗೆ ಬಂತು. ಅವರು ನೋಡಿದ್ದಕ್ಕೆ, ಹೊಲಿಗೆ ಇನ್ನೂ ಹಸಿ, ಗಾಳಿ ತಾಕಬಾರದಂತೆ ಅಂದೆ. ಅವರು ನಂಬಿಕೊಂಡು ಒಳಗೆ ಉಪ್ಪು ನೋಡಲು ಹೋದರು.

ಹೊಲಿಗೆ ಬಿಚ್ಚಿ ಆಗಲೇ ತಿಂಗಳಾಗಿತ್ತು ರುಕ್ಕು.